ಡೇರೆಯೊಳಗೆ ಸ್ವಂತವಾಗಿ ಮಾಡಿದ ಸೌದೆ ಒಲೆ: ಏನೇನು ನೋಡಿಕೊಳ್ಳಬೇಕು?

ಚಳಿಗಾಲದ ಚಾರಣಿಗ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ರಾತ್ರಿಯ ಉಷ್ಣತೆ ಶೂನ್ಯಕ್ಕಿಂತ ಕೆಳಗಿಳಿಯುವ ಜಾಗದಲ್ಲಿ ಡೇರೆ ಹಾಕಿ ಉಳಿಯುವ ಯೋಚನೆಯಿದೆ. ಅದಕ್ಕಾಗಿ ಹೊತ್ತೊಯ್ಯಬಹುದಾದ ಸಣ್ಣ ಸೌದೆ ಒಲೆಯೊಂದನ್ನು ನಾನೇ ಮಾಡಿಕೊಂಡಿದ್ದೇನೆ. ಅದನ್ನು ಡೇರೆಯೊಳಗಿಟ್ಟು ಬೆಂಕಿ ಹಚ್ಚುವ ಮೊದಲು ಬಲ್ಲವರ ಅಭಿಪ್ರಾಯ ಪಡೆಯುವುದು ಒಳ್ಳೆಯದೆನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಒಲೆಯೆಂದರೆ 2 ಮಿ.ಮೀ. ದಪ್ಪದ ಸಾದಾ ಉಕ್ಕಿನ ತಗಡನ್ನು ಬೆಸೆದು ಮಾಡಿದ ಪೆಟ್ಟಿಗೆ. ಉದ್ದ 40 ಸೆಂ.ಮೀ., ಅಗಲ ಮತ್ತು ಎತ್ತರ ತಲಾ 22 ಸೆಂ.ಮೀ., ಕಾಲುಗಳು 18 ಸೆಂ.ಮೀ. ಮುಂದೆ ಒಂದು ಬಾಗಿಲು, ಬಾಗಿಲಿನ ಕೆಳಭಾಗದಲ್ಲಿ ಸರಿಸಿ ಮುಚ್ಚಬಹುದಾದ ಗಾಳಿಕಿಂಡಿ, ಹಿಂಬದಿಯ ಮೇಲ್ಮೈಯಲ್ಲಿ 75 ಮಿ.ಮೀ. ವ್ಯಾಸದ ಹೊಗೆಕೊಳವೆಗೆ ಬಾಯಿ. ಕೊಳವೆಗೆಂದು ಸತು ಲೇಪಿಸಿದ ಜಿ.ಐ. ತುಂಡುಗಳನ್ನು ತಂದಿದ್ದೇನೆ; ಎಲ್ಲವನ್ನೂ ಜೋಡಿಸಿದರೆ ಒಂದೂವರೆ ಮೀಟರ್ ಆಗುತ್ತದೆ.

ಡೇರೆ ಪಾಲಿಯೆಸ್ಟರ್ ಬಟ್ಟೆಯದು, ನಡುವೆ ಒಂದೇ ಕಂಬವಿರುವ ಶಂಕುವಿನ ಆಕಾರದ್ದು. ಬುಡದಲ್ಲಿ 4 ಮೀಟರ್ ಅಗಲ, ತುದಿಯ ಎತ್ತರ 2.5 ಮೀಟರ್. ಕೊಳವೆ ಹಾಯಿಸಲು ಅದರಲ್ಲಿ ಯಾವ ರಂಧ್ರವೂ ಇಲ್ಲವಾದ್ದರಿಂದ, ಒಲೆಯಿಂದ ಸ್ವಲ್ಪ ಮೇಲಕ್ಕೆ ಹೋಗಿ, ಎಲ್ಬೋ (ಮೊಣಕೈಯಂತೆ ಬಾಗಿದ ಕೊಳವೆಯ ತುಂಡು) ಹಾಕಿ ಪಕ್ಕದ ಬಟ್ಟೆಯಿಂದ ಹೊರಗೆ ತಂದು, ಅಲ್ಲಿಂದ ಮತ್ತೆ ಮೇಲಕ್ಕೆ ತಿರುಗಿಸುವ ಆಲೋಚನೆ ನನ್ನದು. ಇದು ಸರಿಯೇ? ಜಿ.ಐ. ಕೊಳವೆ ನಡೆಯುತ್ತದೆಯೇ? ಬಟ್ಟೆಗೂ ಒಲೆಗೂ ಎಷ್ಟು ಅಂತರ ಬೇಕು? ಕಾರ್ಬನ್ ಮಾನಾಕ್ಸೈಡ್ ವಿಷಯದಲ್ಲಿ ಎಚ್ಚರಿಕೆ ಗಂಟೆಯ ಸಾಧನವೊಂದನ್ನು ಕೊಂಡರೆ ಸಾಕೇ? ಡೇರೆಯಲ್ಲಿ ಇಬ್ಬರು ಮಲಗುವವರಿದ್ದೇವೆ.

ತಗಡು ಬೆಸುಗೆ ಅವರ ಉತ್ತರ

ಲೋಹದ ಕೆಲಸಕ್ಕೆ ಸಂಬಂಧಿಸಿದ ಭಾಗಕ್ಕೆ ಮಾತ್ರ ನಾನು ಉತ್ತರಿಸುತ್ತೇನೆ. ಗಾಳಿ ಮತ್ತು ಬಟ್ಟೆಯ ವಿಷಯವನ್ನು ಬಲ್ಲವರು ಬೇರೆಯವರಿದ್ದಾರೆ.

ಜಿ.ಐ. ಕೊಳವೆಯನ್ನು ದಯವಿಟ್ಟು ಬಳಸಬೇಡಿ. ಸತು ಲೇಪನ ದೀರ್ಘಕಾಲ ಸಹಿಸಿಕೊಳ್ಳುವ ಉಷ್ಣತೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಅಷ್ಟೇ. ಸತು ಕರಗುವುದು 419 ಡಿಗ್ರಿಯ ಆಸುಪಾಸಿನಲ್ಲಿ. ಸಣ್ಣ ಒಲೆಯಲ್ಲಿ ಒಣ ಸೌದೆ ಜೋರಾಗಿ ಉರಿಯುವಾಗ ಒಲೆಗೆ ಅಂಟಿದ ಮೊದಲ ತುಂಡು ಈ ಎರಡನ್ನೂ ದಾಟಬಲ್ಲದು. ಲೇಪನ ಸುಟ್ಟಾಗ ಏಳುವ ಬಿಳಿ ಹೊಗೆ ಸತುವಿನ ಆಕ್ಸೈಡ್. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಕಾಣಿಸಿಕೊಳ್ಳುವುದನ್ನು ಬೆಸುಗೆ ಕೆಲಸದವರು ಚೆನ್ನಾಗಿ ಬಲ್ಲರು. ಲೇಪನವನ್ನು ಮೊದಲೇ ಬಯಲಿನಲ್ಲಿ ಸುಟ್ಟು ತೆಗೆಯಬಹುದೆಂದು ಕೆಲವರು ಹೇಳುತ್ತಾರೆ. ಎಲ್ಲ ತುಂಡುಗಳೂ ಒಳಗೂ ಹೊರಗೂ ಸಮನಾಗಿ ಸುಟ್ಟಿವೆಯೆಂದು ನಂಬಲು ದಾರಿಯಿಲ್ಲದ ಕಾರಣ ನಾನು ಅದನ್ನು ಒಪ್ಪುವುದಿಲ್ಲ. ಸಾದಾ ಉಕ್ಕು ಅಥವಾ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ತನ್ನಿ.

ಕೊಳವೆಯ ತುಂಡುಗಳನ್ನು ಒಂದರೊಳಗೊಂದು ಸೇರಿಸುವಾಗ ಕಿರಿದಾದ ತುದಿ ಕೆಳಮುಖವಾಗಿರಬೇಕು. ಹೊಗೆ ಒಳಗೆ ಹೋಗುವ ದಿಕ್ಕನ್ನು ನೆನೆದು ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಆದರೆ ಕೊಳವೆಯ ಒಳಗೆ ತಣಿದು ಹರಿಯುವ ಕಪ್ಪು ಜಿಗುಟು ದ್ರವ ಒಲೆಯೊಳಕ್ಕೇ ಇಳಿಯಬೇಕೇ ಹೊರತು, ಕೀಲಿನಿಂದ ಸೋರಿ ಕೊಳವೆಯ ಹೊರಮೈಗೆ, ಅಲ್ಲಿಂದ ಬಟ್ಟೆಗೆ ತಾಗಬಾರದು. ಅದು ಹೊತ್ತಿಕೊಳ್ಳುವ ವಸ್ತು. ಪ್ರತಿ ಕೀಲಿಗೂ ಒಂದೊಂದು ಉಕ್ಕಿನ ತಿರುಪು ಹಾಕಿ. ರಾತ್ರಿ ಗಾಳಿಗೆ ಡೇರೆ ಅಲುಗಿದಾಗ ಕೊಳವೆ ಮಧ್ಯದಲ್ಲಿ ಕಳಚಿದರೆ, ಹೊಗೆಯೆಲ್ಲ ಮಲಗಿದವರ ಮೇಲೆಯೇ ಬರುತ್ತದೆ.

ಒಲೆಯ ಬೆಸುಗೆಯನ್ನು ಪರೀಕ್ಷಿಸಲು ಸುಲಭ ಉಪಾಯವೊಂದಿದೆ. ಕತ್ತಲೆ ಕೋಣೆಯಲ್ಲಿ ಉರಿಯುವ ಟಾರ್ಚನ್ನು ಒಲೆಯೊಳಗಿಟ್ಟು, ಬಾಗಿಲು ಮುಚ್ಚಿ, ಕೊಳವೆಯ ಬಾಯಿಗೆ ಬಟ್ಟೆ ತುರುಕಿ ಸುತ್ತಲೂ ನೋಡಿ. ಬೆಸುಗೆಯ ಗೆರೆಯಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿ ಗುರುತು ಮಾಡಿ ಮತ್ತೆ ಬೆಸೆಯಿರಿ. ಬಾಗಿಲಿನ ಅಂಚಿನ ಸುತ್ತ ತೆಳುವಾದ ಗೆರೆ ಕಂಡರೆ ಚಿಂತೆಯಿಲ್ಲ. ಒಳಗೆ ಸೆಳೆತವಿರುವಾಗ ಅಲ್ಲಿಂದ ಗಾಳಿ ಒಳಗೇ ಹೋಗುತ್ತದೆ. 2 ಮಿ.ಮೀ. ತಗಡು ಕಾದಾಗ ಸೊಟ್ಟಗಾಗುವುದು ಸಹಜವಾದ್ದರಿಂದ, ಈ ಪರೀಕ್ಷೆಯನ್ನು ಮೊದಲ ಉರಿಗೆ ಮುಂಚೆ ಒಮ್ಮೆ, ಬಯಲಿನಲ್ಲಿ ಎರಡು ಮೂರು ಸಲ ಜೋರಾಗಿ ಉರಿಸಿದ ಮೇಲೆ ಮತ್ತೊಮ್ಮೆ ಮಾಡಿ. ಆ ಮೊದಲ ಉರಿಗಳಲ್ಲಿ ತಗಡಿನ ಎಣ್ಣೆ, ಬಣ್ಣ ಎಲ್ಲವೂ ಸುಟ್ಟು ಗಬ್ಬು ಹೊಗೆ ಏಳುತ್ತದೆ. ಅದು ಪೂರ್ತಿ ನಿಲ್ಲುವವರೆಗೆ ಒಲೆ ಡೇರೆಯ ಹತ್ತಿರವೂ ಬರಬಾರದು.

ಬಾಗಿಲಿಗೆ ತಾನಾಗಿ ತೆರೆದುಕೊಳ್ಳದ ಚಿಲಕ ಬೇಕು. ಬಾಗಿಲಿನ ಹೊಸ್ತಿಲು ಒಲೆಯ ತಳಕ್ಕಿಂತ 4–5 ಸೆಂ.ಮೀ. ಎತ್ತರದಲ್ಲಿರಲಿ, ಇಲ್ಲವಾದರೆ ಬಾಗಿಲು ತೆರೆದಾಗಲೆಲ್ಲ ಕೆಂಡ ಉರುಳಿ ನೆಲಕ್ಕೆ ಬೀಳುತ್ತದೆ. ತಳದಲ್ಲಿ ಒಂದೆರಡು ಸೆಂ.ಮೀ. ಬೂದಿ ಉಳಿಸಿಕೊಂಡರೆ ತಗಡೂ ಬಾಳುತ್ತದೆ, ಕೆಳಗಿನ ನೆಲಕ್ಕೆ ತಾಗುವ ಕಾವೂ ಕಡಿಮೆಯಾಗುತ್ತದೆ.

ಇದನ್ನು ಓದಿ ಹಳೆಯ ಗ್ಯಾಸ್ ಸಿಲಿಂಡರನ್ನು ಕತ್ತರಿಸಿ ಒಲೆ ಮಾಡಲು ಹೊರಡುವವರು ಯಾರಾದರೂ ಇದ್ದರೆ, ಆ ಆಲೋಚನೆಯನ್ನು ಇಲ್ಲಿಗೇ ಬಿಡಿ. ಖಾಲಿಯೆಂದು ತೋರುವ ಸಿಲಿಂಡರಿನಲ್ಲಿ ಉಳಿದ ಅನಿಲ ಕತ್ತರಿಸುವ ಕಿಡಿಗೆ ಸ್ಫೋಟಗೊಳ್ಳಬಲ್ಲದು.

ಗಾಳಿಸೆಳೆತ ಅವರ ಉತ್ತರ

ತಗಡು ಬೆಸುಗೆ ಅವರು ಹೇಳಿದ್ದೆಲ್ಲವೂ ಸರಿ. ಆದರೆ ಡೇರೆಯ ಒಲೆಯ ಬಗ್ಗೆ ಮಾತಾಡುವಾಗ ಎಲ್ಲರ ಗಮನ ಉರಿಯುವ ಬೆಂಕಿಯ ಮೇಲೆಯೇ ಇರುತ್ತದೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಹೆಚ್ಚು ಅಪಾಯದ ಹೊತ್ತು ಬೆಂಕಿ ಆರುತ್ತಾ ಬರುವ ಹೊತ್ತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೊಳವೆಯನ್ನು ಎಲ್ಲಿಂದ ಹೊರತರಬೇಕು ಎಂಬ ನಿಮ್ಮ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ.

ಕೊಳವೆ ಹೊಗೆಯನ್ನು ಮೇಲಕ್ಕೆ ಸೆಳೆಯುವುದಕ್ಕೆ ಕಾರಣ ಒಂದೇ: ಕೊಳವೆಯೊಳಗಿನ ಬಿಸಿ ಅನಿಲ ಹೊರಗಿನ ತಣ್ಣನೆಯ ಗಾಳಿಗಿಂತ ಹಗುರ. ಈ ಸೆಳೆತದ ಬಲ ಕೊಳವೆಯ ನೇರ ಎತ್ತರವನ್ನೂ ಒಳಹೊರಗಿನ ಉಷ್ಣತೆಯ ಅಂತರವನ್ನೂ ಅವಲಂಬಿಸಿದೆ; ಅಡ್ಡಲಾಗಿ ಹೋದ ಉದ್ದದಿಂದ ಸೆಳೆತ ಹುಟ್ಟುವುದಿಲ್ಲ, ತಡೆ ಮಾತ್ರ ಹುಟ್ಟುತ್ತದೆ. ಹೊರಗೆ ಶೂನ್ಯ ಡಿಗ್ರಿ, ಕೊಳವೆಯೊಳಗೆ ಸರಾಸರಿ 200 ಡಿಗ್ರಿ ಇದ್ದಾಗ, ನೇರವಾಗಿ ನಿಂತ 2.5 ಮೀಟರ್ ಕೊಳವೆಯಲ್ಲಿ ಸುಮಾರು 13 ಪ್ಯಾಸ್ಕಲ್ ಒತ್ತಡದ ಸೆಳೆತ ಹುಟ್ಟುತ್ತದೆ. ಬೆಂಕಿ ಇಳಿದು ಒಳಗಿನ ಉಷ್ಣತೆ 60 ಡಿಗ್ರಿಗೆ ಬಂದರೆ ಅದೇ ಕೊಳವೆಯಲ್ಲಿ 5–6 ಪ್ಯಾಸ್ಕಲ್ ಮಾತ್ರ ಉಳಿಯುತ್ತದೆ. ಇದು ಲೆಕ್ಕದ ಮೇಲಿನ ಗರಿಷ್ಠ. ಕೊಳವೆಯ ಉಜ್ಜಾಟದಲ್ಲಿ ಅದರಲ್ಲೂ ಒಂದು ಪಾಲು ಹೋಗುತ್ತದೆ.

ಈಗ ನಿಮ್ಮ ಒಂದೂವರೆ ಮೀಟರ್ ಕೊಳವೆಯನ್ನು ನೋಡಿ. ಅದರಲ್ಲಿ 60 ಸೆಂ.ಮೀ. ಅಡ್ಡಕ್ಕೆ ಹೋದರೆ ನೇರ ಎತ್ತರ ಉಳಿಯುವುದು 90 ಸೆಂ.ಮೀ. ಉರಿ ಜೋರಿದ್ದಾಗ ಸುಮಾರು 5 ಪ್ಯಾಸ್ಕಲ್, ಕೆಂಡದ ಹೊತ್ತಿಗೆ ಸುಮಾರು 2 ಪ್ಯಾಸ್ಕಲ್. ಸೆಕೆಂಡಿಗೆ 3 ಮೀಟರ್ ವೇಗದ, ಎಲೆಗಳನ್ನು ಅಲುಗಿಸುವಷ್ಟರ ಗಾಳಿಯೂ ತನಗೆ ಎದುರಾದ ಮೇಲ್ಮೈಯ ಮೇಲೆ ಸುಮಾರು 6 ಪ್ಯಾಸ್ಕಲ್ ಒತ್ತಡ ಹಾಕುತ್ತದೆ. ಅಂದಮೇಲೆ, ಡೇರೆಯ ತುದಿಗಿಂತ ಕೆಳಗೆ, ಬಟ್ಟೆಯ ಪಕ್ಕದಲ್ಲೇ ಬಾಯಿ ಬಿಟ್ಟುಕೊಂಡಿರುವ ಗಿಡ್ಡ ಕೊಳವೆಯೊಳಕ್ಕೆ ಸಾಧಾರಣ ಗಾಳಿಯೇ ಹೊಗೆಯನ್ನು ಮರಳಿ ನುಗ್ಗಿಸಬಲ್ಲದು. ಆದ್ದರಿಂದ ಪಕ್ಕದಿಂದ ಹೊರತರುವ ಯೋಜನೆಯನ್ನು ಬಿಟ್ಟು, ಕೊಳವೆಯನ್ನು ಒಲೆಯ ಮೇಲಿನಿಂದ ನೆಟ್ಟಗೆ ಇಳಿಜಾರು ಬಟ್ಟೆಯ ಮೂಲಕ ಹೊರತನ್ನಿ. ಅದರ ತುದಿ ಡೇರೆಯ ನೆತ್ತಿಗಿಂತ ಸ್ವಲ್ಪವಾದರೂ ಮೇಲಿರಬೇಕು. ನಿಮ್ಮ ಒಲೆಯ ಮೇಲ್ಮೈ ನೆಲದಿಂದ 40 ಸೆಂ.ಮೀ. ಎತ್ತರದಲ್ಲಿರುವುದರಿಂದ ಸುಮಾರು 2.4 ಮೀಟರ್ ಕೊಳವೆ ಬೇಕಾಗುತ್ತದೆ. ಹೊರಗೆ ನಿಂತ ಭಾಗವನ್ನು ಮೂರು ದಿಕ್ಕಿಗೆ ತೆಳು ಉಕ್ಕಿನ ತಂತಿಯಿಂದ ಬಿಗಿದು ಕಟ್ಟಿ.

ಕೆಂಡದ ಹೊತ್ತನ್ನು ನಾನು ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಸೌದೆ ಜ್ವಾಲೆಯಾಗಿ ಉರಿಯುವಾಗ ಏನಾದರೂ ತಪ್ಪಿದರೆ ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ. ಮನುಷ್ಯ ತಾನಾಗಿಯೇ ಎದ್ದು ಹೊರಗೆ ಹೋಗುತ್ತಾನೆ. ಕೆಂಡಕ್ಕೆ ಹೊಗೆಯಿಲ್ಲ, ಆದರೆ ಅದು ಬಿಡುವ ಕಾರ್ಬನ್ ಮಾನಾಕ್ಸೈಡ್ ಬಹಳ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹೀಗೆ ಸೆಳೆತ ಅತ್ಯಂತ ದುರ್ಬಲವಾದ ಹೊತ್ತು, ವಿಷಾನಿಲ ಹೆಚ್ಚಾಗಿ ಹುಟ್ಟುವ ಹೊತ್ತು, ಒಳಗಿದ್ದವರು ಬೆಚ್ಚಗಾಗಿ ನಿದ್ದೆಗೆ ಜಾರುವ ಹೊತ್ತು, ಈ ಮೂರೂ ಒಂದೇ ಆಗಿಬಿಡುತ್ತವೆ.

ಗಾಳಿಯಾಟದ ವಿಷಯಕ್ಕೆ ಬರೋಣ. ನಿಮ್ಮ ಡೇರೆಯ ಒಳಗಿನ ಗಾತ್ರ ಸುಮಾರು 10 ಘನ ಮೀಟರ್. ಒಂದು ಕಿಲೋ ಸೌದೆ ಉರಿಯಲು ಲೆಕ್ಕದ ಪ್ರಕಾರ 4 ರಿಂದ 5 ಘನ ಮೀಟರ್ ಗಾಳಿ ಬೇಕು. ನಿಜವಾದ ಒಲೆಗಳು ಇದರ ಎರಡರಷ್ಟನ್ನು ಎಳೆದುಕೊಳ್ಳುತ್ತವೆ. ಅಂದರೆ ಒಂದೊಂದು ಕಿಲೋ ಸೌದೆಗೂ ಡೇರೆಯ ಗಾಳಿಯಷ್ಟೂ ಒಮ್ಮೆ ಕೊಳವೆಯಿಂದ ಹೊರಗೆ ಹೋಗಿ, ಅಷ್ಟೇ ಗಾಳಿ ಹೊರಗಿನಿಂದ ಬರಬೇಕು. 75 ಮಿ.ಮೀ. ಕೊಳವೆಯ ಬಾಯಿಯ ವಿಸ್ತೀರ್ಣ ಸುಮಾರು 44 ಚದರ ಸೆಂ.ಮೀ.; ನೆಲಮಟ್ಟದಲ್ಲಿ, ಒಲೆಯ ಸಮೀಪ, ಕನಿಷ್ಠ ಅದರ ಎರಡರಷ್ಟು, ಅಂದರೆ 10 ಸೆಂ.ಮೀ. ಚೌಕದಷ್ಟು ತೆರವು ಯಾವಾಗಲೂ ಇರಬೇಕು. ಹಿಮ ಬೀಳುವ ಜಾಗವಾದರೆ ಡೇರೆಯ ಬುಡಕ್ಕೆ ಹಿಮ ಒಟ್ಟಿ ಗಾಳಿ ಮುಚ್ಚುವ ಅಭ್ಯಾಸವಿರುವವರು ಈ ತೆರವನ್ನು ಮರೆಯಬಾರದು. ರಾತ್ರಿ ಬಿದ್ದ ಹಿಮವೂ ಅದನ್ನು ಮುಚ್ಚಬಹುದು.

ಇಲ್ಲೊಂದು ಸೂಕ್ಷ್ಮವಿದೆ, ಇದನ್ನು ಹೇಳುವವರು ಕಡಿಮೆ. ಸೆಕೆಯಾಯಿತೆಂದು ಡೇರೆಯ ನೆತ್ತಿಯ ಕಿಂಡಿಯನ್ನು ಪೂರ್ತಿ ತೆರೆದು, ಕೆಳಗಿನ ತೆರವನ್ನು ಚಳಿಗೆ ಹೆದರಿ ಮುಚ್ಚಿಟ್ಟರೆ, ಬಿಸಿಗಾಳಿ ತುಂಬಿದ ಡೇರೆಯೇ ಒಂದು ದೊಡ್ಡ ಚಿಮಣಿಯಾಗುತ್ತದೆ. ಮೇಲಿನಿಂದ ಹೋದ ಗಾಳಿಗೆ ಬದಲು ಗಾಳಿ ಬರಲು ಉಳಿದಿರುವ ಸುಲಭದ ದಾರಿ ಒಲೆಯ ಕೊಳವೆಯೇ ಆದ್ದರಿಂದ, ಹೊಗೆ ಹಿಮ್ಮುಖವಾಗಿ ಒಲೆಯ ಮೂಲಕ ಡೇರೆಯೊಳಕ್ಕೆ ಇಳಿಯುತ್ತದೆ. ಮೇಲಿನ ಕಿಂಡಿ ತೆರೆದಿರಲಿ, ಆದರೆ ಕೆಳಗಿನ ತೆರವು ಅದಕ್ಕಿಂತ ದೊಡ್ಡದಾಗಿರಲಿ.

ಎಚ್ಚರಿಕೆ ಗಂಟೆಯ ಸಾಧನವನ್ನು ಖಂಡಿತ ಕೊಳ್ಳಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಯುರೋಪಿನ ಇ.ಎನ್. 50291 ಮಾನದಂಡದಲ್ಲಿ ಎರಡನೆಯ ಭಾಗ ಕ್ಯಾರವಾನ್, ದೋಣಿಗಳಂಥ ಚಲಿಸುವ ವಾಸಸ್ಥಾನಗಳಿಗೆ ಬರೆದದ್ದು. ಡೇರೆಗೆಂದೇ ಬರೆದದ್ದಲ್ಲವಾದರೂ ಸಿಕ್ಕರೆ ಆ ಗುರುತಿರುವುದನ್ನೇ ಆರಿಸಿ. ಆ ಮಾನದಂಡದಂತೆ ಗಾಳಿಯಲ್ಲಿ ಈ ಅನಿಲ 50 ಪಿ.ಪಿ.ಎಂ. (ಹತ್ತು ಲಕ್ಷ ಪಾಲಿನಲ್ಲಿ 50 ಪಾಲು) ಇದ್ದರೆ ಗಂಟೆ ಮೊಳಗುವುದು 60 ರಿಂದ 90 ನಿಮಿಷಗಳೊಳಗೆ, 100 ಪಿ.ಪಿ.ಎಂ.ಗೆ 10 ರಿಂದ 40 ನಿಮಿಷಗಳೊಳಗೆ, 300 ಪಿ.ಪಿ.ಎಂ.ಗೆ 3 ನಿಮಿಷದೊಳಗೆ. ಆದ್ದರಿಂದ ಗಂಟೆ ಮೊಳಗಲಿಲ್ಲವೆಂದ ಮಾತ್ರಕ್ಕೆ ಗಾಳಿ ಶುದ್ಧವಾಗಿದೆ ಎಂದಲ್ಲ. ಅಂಕಿ ತೋರಿಸುವ ಪರದೆಯಿರುವ ಸಾಧನ ಉತ್ತಮ. ಈ ಅನಿಲ ಗಾಳಿಯಷ್ಟೇ ತೂಕದ್ದು, ನೆಲಕ್ಕೆ ಇಳಿಯುವುದೂ ಇಲ್ಲ, ಮೇಲೆಯೇ ನಿಲ್ಲುವುದೂ ಇಲ್ಲ. ಸಾಧನವನ್ನು ಮಲಗುವವರ ತಲೆಯ ಮಟ್ಟದಲ್ಲಿ, ಒಲೆಯಿಂದ ದೂರದಲ್ಲಿ ತೂಗಿಹಾಕಿ. ಎಷ್ಟು ಚಳಿಯವರೆಗೆ ಅದು ಕೆಲಸ ಮಾಡುತ್ತದೆ ಎಂಬುದನ್ನು ಅದರೊಂದಿಗೆ ಬರುವ ಹಾಳೆಯಲ್ಲಿ ಓದಿಕೊಳ್ಳಿ. ಪರೀಕ್ಷೆಯ ಗುಂಡಿ ಒತ್ತಿದಾಗ ಸದ್ದಾದರೆ ಬ್ಯಾಟರಿಯೂ ಗಂಟೆಯೂ ಸರಿಯಿವೆ ಎಂದಷ್ಟೇ ಅರ್ಥ. ಸಂವೇದಕಕ್ಕೆ ಆಯುಷ್ಯವಿದೆ, ಅವಧಿ ಮುಗಿಯುವ ವರ್ಷವನ್ನು ಸಾಧನದ ಹಿಂಬದಿಯಲ್ಲಿ ನೋಡಿ.

ಇಬ್ಬರಿಗೂ ಒಟ್ಟೊಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಕಾರಣವಿಲ್ಲದ ಮಂಪರು ಕಾಣಿಸಿಕೊಂಡರೆ ಚರ್ಚೆ ಬೇಡ, ತಕ್ಷಣ ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗುವ ಏರ್ಪಾಟು ಮಾಡಿ. ಹೊರಗಿನ ಗಾಳಿಯಲ್ಲಿ ಉಸಿರಾಡಿದರೂ ರಕ್ತದಲ್ಲಿ ಸೇರಿದ ಈ ಅನಿಲ ಅರ್ಧಕ್ಕೆ ಇಳಿಯಲು 4–5 ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಅದು ಒಂದರಿಂದ ಒಂದೂವರೆ ಗಂಟೆಗೆ ಇಳಿಯುತ್ತದೆ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರಿನ ಅಂಕಿಯನ್ನು ನೋಡಿ ಸಮಾಧಾನಪಡಬೇಡಿ. ಕಾರ್ಬನ್ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಅಂಟಿದ್ದರಿಂದ ಬೇರ್ಪಡಿಸಿ ನೋಡಲು ಅದಕ್ಕೆ ಬಾರದು. ವಿಷವೇರಿದವರಲ್ಲಿಯೂ ಅದು ಸಹಜವೆನ್ನುವ ಅಂಕಿ ತೋರಿಸುತ್ತದೆ.

ಬಟ್ಟೆ ಮತ್ತು ಗೂಟ ಅವರ ಉತ್ತರ

ನಾನು ಡೇರೆ ಹೊಲಿಯುವ ಕೆಲಸದಲ್ಲಿದ್ದೇನೆ. ಪಾಲಿಯೆಸ್ಟರ್ 250 ರಿಂದ 260 ಡಿಗ್ರಿಯಲ್ಲಿ ಕರಗುತ್ತದೆ, ಸಾಮಾನ್ಯ ನೈಲಾನ್ ಸುಮಾರು 220 ಡಿಗ್ರಿಯಲ್ಲಿ. ಅದಕ್ಕೂ ಮುಂಚೆಯೇ ಎರಡೂ ಮೆತ್ತಗಾಗಿ ಸುಕ್ಕುಗಟ್ಟುತ್ತವೆ. ಹತ್ತಿಯ ಕ್ಯಾನ್ವಾಸ್ ಕರಗದೆ ಕರಕಲಾಗುತ್ತದೆ. ಒಲೆಯಿಡುವ ಉದ್ದೇಶವಿದ್ದವರು ಹತ್ತಿ ಅಥವಾ ಹತ್ತಿ ಬೆರೆತ ಬಟ್ಟೆಯ ಡೇರೆಯನ್ನೇ ಕೊಳ್ಳಬೇಕೆಂದು ನಾನು ಹೇಳುತ್ತೇನೆ. ಕರಗಿದ ಪಾಲಿಯೆಸ್ಟರ್ ಉರಿಯುವ ಹನಿಗಳಾಗಿ ಮೈಮೇಲೆ ಬೀಳುತ್ತದೆ ಎಂಬುದೇ ಇದಕ್ಕೆ ಸಾಕಷ್ಟು ಕಾರಣ. ಬೆಂಕಿ ನಿರೋಧಕವೆಂಬ ಚೀಟಿ ಹೊಲಿದಿರುವ ಡೇರೆಯೂ ಸುಡದ ಡೇರೆಯಲ್ಲ. ಸಣ್ಣ ಜ್ವಾಲೆಯನ್ನು ದೂರ ಸರಿಸಿದರೆ ಬಟ್ಟೆ ತಾನಾಗಿ ಆರಬೇಕು ಎಂಬುದಷ್ಟೇ ಅದರ ಆಶ್ವಾಸನೆ. ಕಾದ ಕೊಳವೆ ಬಟ್ಟೆಗೆ ಒರಗಿದರೆ ಆ ಚೀಟಿ ಕಾಯುವುದಿಲ್ಲ.

ನಿಮ್ಮಲ್ಲಿರುವ ಡೇರೆಯನ್ನೇ ಬಳಸುವುದಾದರೆ, ಕೊಳವೆ ಹಾಯುವ ಕಡೆ ಸಿಲಿಕೋನ್ ಲೇಪಿಸಿದ ಫೈಬರ್‌ಗ್ಲಾಸ್ ಬಟ್ಟೆಯ ತೇಪೆ ಹೊಲಿಸಬೇಕು. ಸಿಲಿಕೋನ್ ಲೇಪನ ಸುಮಾರು 260 ಡಿಗ್ರಿಯನ್ನು ಸತತವಾಗಿ ತಡೆಯುತ್ತದೆ, ಒಳಗಿನ ಗಾಜಿನ ನೂಲು ಇನ್ನೂ ಹೆಚ್ಚಿಗೆ. ತೇಪೆಯ ಅಳತೆಯಲ್ಲಿ ಜಿಪುಣತನ ಬೇಡ. ಶಂಕುವಿನ ಡೇರೆಯಲ್ಲಿ ನೆಟ್ಟಗಿನ ಕೊಳವೆ ಓರೆಯಾದ ಬಟ್ಟೆಯನ್ನು ಹಾಯುವುದರಿಂದ ರಂಧ್ರ ಮೊಟ್ಟೆಯಾಕಾರಕ್ಕೆ ಬರುತ್ತದೆ, ರಂಧ್ರದ ಮೇಲಿನ ಮತ್ತು ಕೆಳಗಿನ ಬಟ್ಟೆ ಕೊಳವೆಗೆ ಬಹಳ ಹತ್ತಿರ ಉಳಿಯುತ್ತದೆ. ನಿಮ್ಮ ಡೇರೆಯ ಇಳಿಜಾರಿನಲ್ಲಿ, ಕೊಳವೆಯ ಸುತ್ತ 15 ಸೆಂ.ಮೀ. ಅಂತರ ಸಿಗಬೇಕೆಂದರೆ ತೇಪೆ ಅಡ್ಡಕ್ಕೆ 40 ಸೆಂ.ಮೀ., ಇಳಿಜಾರಿನ ಉದ್ದಕ್ಕೆ 60 ಸೆಂ.ಮೀ. ಇರಬೇಕು. ಹೊಲಿಗೆಗೆ ಪಾಲಿಯೆಸ್ಟರ್ ದಾರ ಹಾಕಿದರೆ ಅದು ತೇಪೆಯ ಹೊರ ಅಂಚಿನಲ್ಲಿ ಮಾತ್ರ ಇರಲಿ. ರಂಧ್ರದ ಅಂಚಿಗೆ ಕಾವು ತಡೆಯುವ ದಾರವೇ ಬೇಕು.

ಒಲೆಯ ಜಾಗದ ಬಗ್ಗೆ: ಮನೆಗಳಲ್ಲಿ, ಪ್ರಮಾಣೀಕರಿಸದ ಸೌದೆ ಒಲೆಗೂ ಹೊತ್ತಿಕೊಳ್ಳುವ ಗೋಡೆಗೂ ನಡುವೆ 36 ಅಂಗುಲ, ಅಂದರೆ 90 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ಬಿಡಬೇಕೆಂದು ಅಮೆರಿಕದ ಎನ್.ಎಫ್.ಪಿ.ಎ. 211 ಮಾನದಂಡ ಹೇಳುತ್ತದೆ. ಡೇರೆಯಲ್ಲಿ ಅಷ್ಟು ಜಾಗ ಸುಲಭವಾಗಿ ಸಿಗುವುದಿಲ್ಲ. ಕೊಳವೆ ನಡುಗಂಬದಿಂದ 80 ಸೆಂ.ಮೀ. ದೂರದಲ್ಲಿ ಬರುವಂತೆ, ಒಲೆಯ ಉದ್ದನೆಯ ಬದಿ ಬಟ್ಟೆಗೆ ಮುಖ ಮಾಡುವಂತೆ ಇಟ್ಟರೆ ಒಲೆಯ ಎತ್ತರದಲ್ಲಿ ಬಟ್ಟೆಗೂ ಅದಕ್ಕೂ 75 ಸೆಂ.ಮೀ. ಸಿಗುತ್ತದೆ. ಉಳಿದ ಕೊರತೆಗೆ ಒಲೆಯ ಆ ಬದಿಯಲ್ಲಿ ತಗಡಿನ ಮರೆ ನಿಲ್ಲಿಸಿ. ಮರೆ ಒಲೆಗೆ ಅಂಟದೆ ಎರಡೂ ಬದಿ ಗಾಳಿಯಾಡುವಂತೆ ಕನಿಷ್ಠ 2–3 ಸೆಂ.ಮೀ. ದೂರದಲ್ಲಿರಬೇಕು. ಗಾಳಿ ಬೀಸಿದಾಗ ಬಟ್ಟೆ ಒಳಕ್ಕೆ ಉಬ್ಬುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಆ ಭಾಗದ ಹಗ್ಗಗಳನ್ನು ಹೊರಗಿನಿಂದ ಬಿಗಿಯಾಗಿ ಎಳೆದು ಗೂಟ ಹೊಡೆಯಿರಿ.

ಒಲೆಯ ಕೆಳಗೆ ನೆಲಹಾಸು ಇರಬಾರದು. ಒಣಹುಲ್ಲು, ತರಗೆಲೆ, ಬೇರುಗಳಿಂದ ತುಂಬಿದ ಮಣ್ಣು ಒಳಗೊಳಗೇ ಹೊಗೆಯಾಡುತ್ತಾ ದೂರದವರೆಗೆ ಹೊತ್ತಿಕೊಂಡು ಹೋಗಬಹುದಾದ್ದರಿಂದ, ಗಟ್ಟಿ ಮಣ್ಣು ಕಾಣುವವರೆಗೆ ಕೆರೆದು, ಮೇಲೆ ತಗಡಿನ ತಟ್ಟೆ ಇಡಿ. ತಟ್ಟೆ ಬಾಗಿಲಿನ ಮುಂದಕ್ಕೆ 30 ಸೆಂ.ಮೀ. ಚಾಚಿರಲಿ, ಕೆಂಡ ಬೀಳುವುದು ಅಲ್ಲಿಯೇ. ಹೊಳೆಯಿಂದ ತಂದ ಒದ್ದೆ ಕಲ್ಲುಗಳನ್ನು ಆಸರೆಗೆ ಇಡಬೇಡಿ, ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿಯಬಹುದು. ಹಿಮದ ಮೇಲಾದರೆ ಕಾವಿಗೆ ಹಿಮ ಕರಗಿ ಒಲೆ ವಾಲುತ್ತದೆ. ಅಗೆದು ನೆಲ ಕಾಣಿಸಿಕೊಳ್ಳುವುದೇ ಸರಿಯಾದ ದಾರಿ.

ಮಲಗುವವರಿಗೂ ಡೇರೆಯ ಬಾಗಿಲಿಗೂ ನಡುವೆ ಒಲೆ ಬರಕೂಡದು. ಕಾವಿಗೆ ಜಿಪ್ಪು ಕರಗಿ ಅಂಟಿಕೊಂಡರೆ ಹೊರಬರಲು ಬಟ್ಟೆ ಸೀಳುವುದೇ ಉಳಿದ ದಾರಿಯಾದ್ದರಿಂದ, ಇಬ್ಬರೂ ಒಂದೊಂದು ಹರಿತವಾದ ಚಾಕುವನ್ನು ಕತ್ತಲೆಯಲ್ಲೂ ಕೈಗೆ ಸಿಗುವಂತೆ ತಲೆಯ ಬಳಿ ಇಟ್ಟುಕೊಳ್ಳಿ. ಒಲೆಯ ಮೇಲೆ ಹಗ್ಗ ಕಟ್ಟಿ ಒದ್ದೆ ಕಾಲುಚೀಲ ಒಣಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಒಣಗಿ ಹಗುರಾದ ಬಟ್ಟೆ ಜಾರಿ ಬೀಳುವುದು ಒಲೆಯ ಮೇಲೆಯೇ ಆದ್ದರಿಂದ ಹಗ್ಗವನ್ನು ಪಕ್ಕಕ್ಕೆ ಕಟ್ಟಿ. ಒಂದು ಬಕೆಟ್ ನೀರು ಡೇರೆಯೊಳಗೆ ಇರಲಿ. ಯಾರಿಗಾದರೂ ಸುಟ್ಟರೆ, ಸುಟ್ಟ ಭಾಗವನ್ನು 20 ನಿಮಿಷ ತಣ್ಣೀರಿನಲ್ಲಿ ತಂಪು ಮಾಡಿ, ಆಮೇಲೆ ಉಳಿದ ಉಪಚಾರ.

ಚಳಿಗಾಲದ ಚಾರಣಿಗ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಜಿ.ಐ. ಕೊಳವೆಯನ್ನೂ ಎಲ್ಬೋವನ್ನೂ ಕೈಬಿಟ್ಟಿದ್ದೇನೆ. ತೇಪೆಯನ್ನು ಹೇಳಿದ ಅಳತೆಯಲ್ಲೇ ಹೊಲಿಸುತ್ತೇನೆ. ಒಂದು ಸಂದೇಹ ಉಳಿದಿದೆ. ರಾತ್ರಿಯಿಡೀ ಕಾವು ಸಿಗುವಂತೆ ಸೌದೆ ತುಂಬಿ, ಗಾಳಿಕಿಂಡಿಯನ್ನು ಬಹುತೇಕ ಮುಚ್ಚಿ, ಸಣ್ಣ ಉರಿಯಲ್ಲಿ ಇಟ್ಟು ಮಲಗಬಹುದೇ? ಕೊಳವೆಗೆ ಡ್ಯಾಂಪರ್ (ತಿರುಗಿಸಿ ಹೊಗೆಯ ದಾರಿಯನ್ನು ಕಿರಿದಾಗಿಸುವ ತಟ್ಟೆ) ಹಾಕುವ ಆಲೋಚನೆಯೂ ಇದೆ.

ಗಾಳಿಸೆಳೆತ

ಬೇಡ. ನಿಮ್ಮ ಒಲೆಯ ಒಳಗಾತ್ರ ಸುಮಾರು 19 ಲೀಟರ್. ಅದರಲ್ಲಿ ಹಿಡಿಯುವ ಸೌದೆ ಸರಿಯಾಗಿ ಉರಿದರೆ ಒಂದು ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಅದನ್ನು ಬೆಳಗಿನವರೆಗೆ ಎಳೆಯಬೇಕೆಂದರೆ ಬೆಂಕಿಯ ಉಸಿರು ಕಟ್ಟಿಸಲೇಬೇಕು; ಉಸಿರು ಕಟ್ಟಿದ ಬೆಂಕಿ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡನ್ನೂ, ಕೊಳವೆಗೆ ಮೆತ್ತುವ ಜಿಗುಟು ಮಸಿಯನ್ನೂ ಹೆಚ್ಚಿಸುತ್ತದೆ, ಜೊತೆಗೆ ಕೊಳವೆ ತಣಿದು ಸೆಳೆತ ಕುಗ್ಗುತ್ತದೆ. ಹಿಂದಿನ ಉತ್ತರದಲ್ಲಿ ಬರೆದ ಕೆಂಡದ ಹೊತ್ತನ್ನು ಇಡೀ ರಾತ್ರಿಗೆ ಚಾಚಿದಂತೆ ಆಗುತ್ತದೆ. ಡ್ಯಾಂಪರ್ ಹಾಕುವುದಾದರೆ, ಮುಚ್ಚಿದಾಗಲೂ ಹೊಗೆ ಹಾಯುವಷ್ಟು ರಂಧ್ರ ಅದರ ತಟ್ಟೆಯಲ್ಲಿ ಇರಲೇಬೇಕು. ಕೆಂಡದ ಹೊತ್ತಿನಲ್ಲಿ ಅದನ್ನು ಪೂರ್ತಿ ತೆರೆದಿಡಬೇಕು. ಬೆಂಕಿಯನ್ನು ಗಾಳಿಕಿಂಡಿಯಿಂದಲ್ಲ, ಹಾಕುವ ಸೌದೆಯ ಗಾತ್ರದಿಂದ ಹತೋಟಿಯಲ್ಲಿಡಿ: ಚೆನ್ನಾಗಿ ಒಣಗಿದ, ಹೆಬ್ಬೆರಳಿನಿಂದ ಮಣಿಕಟ್ಟಿನವರೆಗಿನ ದಪ್ಪದ ಸೀಳುಗಳನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತಾ ಬನ್ನಿ. ಇದ್ದಿಲನ್ನಂತೂ ಈ ಒಲೆಗೆ ಹಾಕಲೇಬೇಡಿ.

ಕೊಳವೆಯ ತುದಿಗೆ ಕಿಡಿ ತಡೆಯುವ ಜಾಲರಿ ಹಾಕಿದರೆ ಅದರಲ್ಲಿ ಮಸಿ ಕಟ್ಟಿ ಬಾಯಿ ಮುಚ್ಚುವುದುಂಟು. ಜಾಲರಿ ಬಟ್ಟೆಯ ರಕ್ಷಣೆಗೆ ಬೇಕು, ಆದರೆ ಪ್ರತಿದಿನ ಬೆಂಕಿ ಹಚ್ಚುವ ಮುನ್ನ ಅದನ್ನು ಇಳಿಸಿ ತಟ್ಟಿ ನೋಡಿ.

ಬಟ್ಟೆ ಮತ್ತು ಗೂಟ

ಗಾಳಿಸೆಳೆತ ಅವರ ಮಾತಿಗೆ ನನ್ನದೊಂದು ಸಣ್ಣ ಭಿನ್ನಾಭಿಪ್ರಾಯವಿದೆ. ರಾತ್ರಿ ಒಲೆ ಉರಿಸುವುದೇ ಕೂಡದೆಂದು ನಾನು ಹೇಳಲಾರೆ. ಸೈನ್ಯದ ಡೇರೆಗಳಲ್ಲಿ ಸರದಿಯಂತೆ ಒಬ್ಬರು ಎಚ್ಚರವಿದ್ದು ಒಲೆ ಕಾಯುವ ಪದ್ಧತಿ ಹಳೆಯದು. ಆದರೆ ಅಲ್ಲಿ ಕಾಯಲು ಬೇಕಾದಷ್ಟು ಜನರಿರುತ್ತಾರೆ. ದಿನವಿಡೀ ನಡೆದು ದಣಿದ ಇಬ್ಬರಲ್ಲಿ ಒಬ್ಬರು ಬೆಚ್ಚಗಿನ ಡೇರೆಯಲ್ಲಿ ಎಚ್ಚರವಿರುತ್ತಾರೆಂದು ನಂಬುವುದು ಕಷ್ಟ. ಆದ್ದರಿಂದ ನಿಮ್ಮ ಮಟ್ಟಿಗೆ ನಾನೂ ಬೇಡವೆಂದೇ ಹೇಳುತ್ತೇನೆ. ಒಲೆಯಿಲ್ಲದಿದ್ದರೂ ಆ ಚಳಿಯನ್ನು ತಡೆಯುವ ಮಲಗುವ ಚೀಲ ಮತ್ತು ಕೆಳಗೆ ದಪ್ಪ ಹಾಸು ನಿಮ್ಮಲ್ಲಿ ಇರಲೇಬೇಕು. ಅವೆರಡೂ ಇಲ್ಲದೆ ಒಲೆಯನ್ನೇ ನೆಚ್ಚಿ ಹೊರಟರೆ, ನಡುರಾತ್ರಿ ಚಳಿಗೆ ಎದ್ದು, ಗಾಳಿಕಿಂಡಿ ಮುಚ್ಚಿ ಮತ್ತೆ ಮಲಗುವ ಕೆಲಸವನ್ನು ಎಂಥ ಎಚ್ಚರದ ಮನುಷ್ಯನೂ ಮಾಡಿಬಿಡುತ್ತಾನೆ.

ಚಳಿಗಾಲದ ಚಾರಣಿಗ

ಒಪ್ಪಿದೆ. ಹಾಗಾದರೆ ಮಲಗುವ ಮುನ್ನ ಬೆಂಕಿಯನ್ನು ಆರಿಸುವ ಕ್ರಮ ಹೇಗೆ? ಒಲೆಯೊಳಗೆ ನೀರು ಸುರಿಯಬಹುದೇ?

ತಗಡು ಬೆಸುಗೆ

ಕಾದ ಒಲೆಗೆ ನೀರು ಸುರಿಯಬೇಡಿ. ಆವಿ ಮತ್ತು ಬಿಸಿ ಬೂದಿ ಬಾಗಿಲಿನಿಂದ ಮುಖಕ್ಕೆ ಚಿಮ್ಮುತ್ತದೆ, ಬೆಸುಗೆಯೂ ಬಿರಿಯಬಹುದು. ಮಲಗುವುದಕ್ಕೆ ಒಂದೂವರೆ ಎರಡು ಗಂಟೆ ಮೊದಲೇ ಕೊನೆಯ ಸೌದೆ ಹಾಕಿ, ಗಾಳಿಕಿಂಡಿಯನ್ನೂ ಡ್ಯಾಂಪರನ್ನೂ ಪೂರ್ತಿ ತೆರೆದಿಟ್ಟು ಚೆನ್ನಾಗಿ ಉರಿದು ಮುಗಿಯಲು ಬಿಡಿ. ಉಳಿದ ಕೆಂಡವನ್ನು ಉದ್ದ ಹಿಡಿಯ ಸಟ್ಟುಗದಿಂದ ಮುಚ್ಚಳವಿರುವ ಕಬ್ಬಿಣದ ಡಬ್ಬಿಗೆ ತುಂಬಿ ಕೂಡಲೇ ಹೊರಗೊಯ್ಯಿರಿ. ಡೇರೆಯ ಬಾಗಿಲ ಮುಂದಿನ ಮಾಡಿನ ಕೆಳಗೂ ಅದು ಇರಬಾರದು. ಅಲ್ಲಿಂದ ಅನಿಲ ನೇರ ಒಳಗೆ ಬರುತ್ತದೆ. ಹೊರಗೆ, ಡೇರೆಯಿಂದ ದೂರದಲ್ಲಿ, ಮುಖವನ್ನು ಹಿಂದಿಟ್ಟುಕೊಂಡು ಸ್ವಲ್ಪಸ್ವಲ್ಪವಾಗಿ ನೀರು ಹಾಕಿ, ಕಡ್ಡಿಯಿಂದ ಕದಡಿ, ಮತ್ತೆ ನೀರು ಹಾಕಿ. ಬೂದಿ ಮುಚ್ಚಿದ ಕೆಂಡ ಮರುದಿನದವರೆಗೂ ಜೀವ ಹಿಡಿದಿರಬಲ್ಲದು, ಆದ್ದರಿಂದ ಡಬ್ಬಿಯ ಹೊರಮೈ ತಣ್ಣಗಾಯಿತೆಂದು ಹಾಗೆಯೇ ಹುಲ್ಲಿನ ಮೇಲೆ ಸುರಿಯಬೇಡಿ. ಒಲೆಯಲ್ಲಿ ಒಂದು ಕೆಂಡವೂ ಉಳಿದಿಲ್ಲವೆಂದು ಟಾರ್ಚ್ ಹಿಡಿದು ನೋಡಿದ ಮೇಲೆಯೇ ಮಲಗಿ. ಎಚ್ಚರಿಕೆ ಗಂಟೆಯ ಸಾಧನ ಮಾತ್ರ ಬೆಳಗಿನವರೆಗೂ ಚಾಲೂ ಇರಲಿ.